ನಲವತ್ತೊಂದನೇ ಪುಟದ ಸರ್ವಾನುಮತ

ನಡಾವಳಿ ಪುಸ್ತಕ ನನ್ನ ಕೈಗೆ ಬಂದದ್ದು ಒಂದು ಶುಕ್ರವಾರ ಬೆಳಿಗ್ಗೆ, ಬಹ್ರೈನಿನ ಗುದೈಬಿಯಾದ ಸಣ್ಣ ಹೋಟೆಲೊಂದರಲ್ಲಿ. ಕೊಟ್ಟವರು ಇನ್ನೂ ಹುಟ್ಟಬೇಕಾಗಿದ್ದ ಒಕ್ಕೂಟದ ಅಧ್ಯಕ್ಷರು. ಹಸಿರು ರಟ್ಟಿನ ದಪ್ಪ ಪುಸ್ತಕ. ಪ್ರತಿ ಪುಟಕ್ಕೂ ಮೊದಲೇ ಸಂಖ್ಯೆ ಅಚ್ಚಾಗಿತ್ತು. ಯಾರಾದರೂ ಪುಟ ಹರಿದರೆ ಗೊತ್ತಾಗಲಿ ಎಂದು ಇಂಥ ಪುಸ್ತಕಗಳಿಗೆ ಹಾಗೆ ಸಂಖ್ಯೆ ಹಾಕಿರುತ್ತಾರೆ. ಮೊದಲ ಮೂವತ್ತೆಂಟು ಪುಟಗಳಲ್ಲಿ ಹಿಂದಿನ ಮಾತುಕತೆಗಳ ಟಿಪ್ಪಣಿ ತುಂಬಿತ್ತು.

"ನೀವು ಪೇಪರಿನವರು. ನಮ್ಮವರು ಬರೆದ್ರೆ ಒಬ್ಬ ಹೇಳಿದ್ದು ಇನ್ನೊಬ್ಬನ ಬಾಯಿಗೆ ಹೋಗ್ತದೆ. ಇನ್ನು ಮುಂದೆ ನೀವೇ ಬರೀರಿ. ಸ್ಮರಣ ಸಂಚಿಕೆಯೂ ನಿಮ್ಮ ತಲೆಗೇ" ಎಂದರು.

ಮನಾಮದ ಒಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯ ಮೇಜಿನಲ್ಲಿ ನನ್ನ ಉದ್ಯೋಗ. ಬೇರೆಯವರು ಬರೆದದ್ದನ್ನು ಪರಿಶೀಲಿಸುವುದು, ಕತ್ತರಿಸುವುದು, ಶೀರ್ಷಿಕೆ ಕೊಡುವುದು. ಯಾರು ಏನು ಹೇಳಿದರು ಎಂಬುದನ್ನು ತಪ್ಪದೆ ಬರೆಯಬಲ್ಲೆ ಎಂಬ ವಿಶ್ವಾಸ ನನಗೂ ಇತ್ತು. ಒಪ್ಪಿಕೊಂಡೆ.

ಆಗ ಕರಾವಳಿಯವರ ಮೂರು ಗುಂಪುಗಳು ಒಂದಾಗಲು ಹೊರಟಿದ್ದವು. ಗುಫೂಲ್‌ನದು ದೊಡ್ಡ ಸಂಘ. ವ್ಯಾಪಾರಸ್ಥರು, ಮ್ಯಾನೇಜರುಗಳು, ಆಫೀಸಿನವರು. ಅಧ್ಯಕ್ಷರು ಅಲ್ಲಿಯವರು. ಗುದೈಬಿಯಾದ್ದು ಒಂಟಿ ಗಂಡಸರು ಮತ್ತು ಸಣ್ಣ ಕುಟುಂಬಗಳ ಬಳಗ. ಮೂರನೆಯದು ಮುಹರ್ರಕ್‌ನ ಕೂಟ. ಅಂಗಡಿಯವರು, ಚಾಲಕರು, ವಿಮಾನ ನಿಲ್ದಾಣದಲ್ಲಿ ದುಡಿಯುವವರು, ಹಿಂದೂಗಳು ಮುಸ್ಲಿಮರು ಸೇರಿ ನಲವತ್ತು ಜನ ಇರಬಹುದು. ಆ ಕೂಟಕ್ಕೆ ಅಧ್ಯಕ್ಷರೂ ಇರಲಿಲ್ಲ, ಬರೆದಿಟ್ಟ ನಿಯಮವೂ ಇರಲಿಲ್ಲ. ಎರಡು ಪದ್ಧತಿಗಳು ಮಾತ್ರ ಇದ್ದವು. ಒಂದು, ಸುತ್ತ ಕೂತವರಲ್ಲಿ ಪ್ರತಿಯೊಬ್ಬನೂ ಬಾಯಿಬಿಟ್ಟು "ಆಯ್ತು" ಎಂದೋ "ಇಲ್ಲ" ಎಂದೋ ಹೇಳದೆ ಯಾವ ತೀರ್ಮಾನವೂ ಆಗುತ್ತಿರಲಿಲ್ಲ. ಇನ್ನೊಂದು, ಊರ ಕಡೆಯವರು ಯಾರೇ ಈ ದ್ವೀಪದಿಂದ ಕೊನೆಯ ಸಲ ಹೊರಟರೂ, ನಡೆದು ಹೋಗಲಿ ಪೆಟ್ಟಿಗೆಯಲ್ಲಿ ಹೋಗಲಿ, ಕೂಟದ ಒಬ್ಬ ವಿಮಾನ ನಿಲ್ದಾಣಕ್ಕೆ ಹೋಗಿ ನಿಲ್ಲಬೇಕು. ಹೊರಟವರು ಸದಸ್ಯರೇ ಎಂದು ಕೇಳುವಂತಿಲ್ಲ. ಯಾರು ಹೋಗಬೇಕು ಎಂಬ ಪಟ್ಟಿಯೂ ಇರಲಿಲ್ಲ. ಸುದ್ದಿ ಮೊದಲು ಕೇಳಿದವನು ಹೋಗಬೇಕು, ಅಷ್ಟೇ.

ಇದನ್ನೆಲ್ಲ ನನಗೆ ಹೇಳಿದವರು ಮುಹರ್ರಕ್‌ನ ಮಾಸ್ತರರು. ಶಾಲೆಯೊಂದರಲ್ಲಿ ಇತಿಹಾಸ ಕಲಿಸಿ ನಿವೃತ್ತರಾಗುವ ಹಂತದಲ್ಲಿದ್ದರು. ಹೆಂಡತಿ ತೀರಿಕೊಂಡಿದ್ದರು. ಮಗಳು ಮಂಗಳೂರಿನಲ್ಲಿ. ಹಳೆ ಪೇಟೆಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಕೂಟದ ಸಭೆಗಳು ನಡೆಯುತ್ತಿದ್ದದ್ದು ಅವರ ಚಾಪೆಯ ಮೇಲೆ.

ಸಂಚಿಕೆಗೆ ಲೇಖನ ಕೊಡಿ ಎಂದು ಕೇಳಿದಾಗ ಹದಿನಾಲ್ಕು ಪುಟ ಬರೆದುಕೊಟ್ಟರು. ಗೆರೆ ಹಾಕಿದ ಹಾಳೆಗಳು, ದುಂಡಗಿನ ಅಕ್ಷರ. ತಲೆಬರಹ 'ಒಪ್ಪದವರು'. ಅಮೆರಿಕದ ಹದಿಮೂರು ರಾಜ್ಯಗಳು ಸೇರಿ ಒಂದು ದೇಶವಾಗುವಾಗ, ಆ ದೇಶದ ಸಂವಿಧಾನಕ್ಕೆ ಒಪ್ಪಿಗೆ ಕೊಡಬೇಡಿ ಎಂದು ವಾದಿಸಿ ಸೋತವರ ಬಗ್ಗೆ.

"ಬಹ್ರೈನಿನ ಕನ್ನಡದವರ ಸಂಚಿಕೆಗೆ ಅಮೆರಿಕದ ಕಥೆ ಯಾಕೆ ಮಾಸ್ತರ್ರೇ?" ಎಂದು ಕೇಳಿದೆ.

"ನಿಮ್ಮ ಒಕ್ಕೂಟದ ಬೈಲಾ ಓದಿದ್ದೀರಾ?"

ಬೈಲಾ ಎಂದರೆ ಒಕ್ಕೂಟದ ನಿಯಮಾವಳಿ. ಇಪ್ಪತ್ತಾರು ಕಲಮುಗಳು. ನಾನು ಓದಿರಲಿಲ್ಲ.

"ಓದಿ. ಆಮೇಲೆ ಕೇಳಿ."

ಆ ವಾರ ಬೈಲಾ ಓದುವ ಬದಲು ಲೇಖನವನ್ನೇ ಬೆರಳಚ್ಚು ಮಾಡಿದೆ. ಪಾಳಿ ಮಧ್ಯಾಹ್ನಕ್ಕೆ ಶುರುವಾಗುತ್ತಿದ್ದರಿಂದ ಬೆಳಗಿನ ಹೊತ್ತು ನನ್ನದಾಗಿತ್ತು. ಲೇಖನ ಚೆನ್ನಾಗಿತ್ತು. ಫಿಲಡೆಲ್ಫಿಯಾದಲ್ಲಿ ಬೇಸಿಗೆಯ ಸೆಕೆಯಲ್ಲೂ ಕಿಟಕಿ ಬಾಗಿಲು ಮುಚ್ಚಿಕೊಂಡು ಕೆಲವರು ಸಂವಿಧಾನ ಬರೆದದ್ದು, ಒಂಬತ್ತು ರಾಜ್ಯಗಳು ಒಪ್ಪಿದರೆ ಸಾಕು ಎಂದು ಅದರಲ್ಲೇ ಬರೆದುಕೊಂಡದ್ದು, ಆಮೇಲೆ ಊರೂರಿನಲ್ಲಿ ಎದ್ದ ಆಕ್ಷೇಪಗಳು. ಒಪ್ಪದವರಲ್ಲಿ ಒಳನಾಡಿನ ರೈತರಿದ್ದರು, ಸ್ವಾತಂತ್ರ್ಯಕ್ಕಾಗಿ ಹೋರಾಡಿದವರೂ ಇದ್ದರು. ಇಷ್ಟು ಕಡಿಮೆ ಪ್ರತಿನಿಧಿಗಳಿದ್ದರೆ ನೇಗಿಲು ಹಿಡಿದವನ ಮಾತು ಅಲ್ಲಿ ಯಾರ ಬಾಯಲ್ಲಿ ಬರುತ್ತದೆ ಎಂಬುದು ಅವರ ಒಂದು ಪ್ರಶ್ನೆ. ಸರ್ಕಾರ ಏನು ಮಾಡಬಹುದು ಎಂದು ಬರೆದಿದ್ದೀರಿ, ಜನರಿಂದ ಏನನ್ನು ಕಿತ್ತುಕೊಳ್ಳಬಾರದು ಎಂಬ ಪಟ್ಟಿ ಎಲ್ಲಿ ಎಂಬುದು ಇನ್ನೊಂದು. ಪೆನ್ಸಿಲ್ವೇನಿಯಾದಲ್ಲಿ ಶಾಸನಸಭೆಗೆ ಕೋರಂ, ಎಂದರೆ ಸಭೆ ನಡೆಯಲು ಬೇಕಾದಷ್ಟು ಹಾಜರಿ, ಸಾಲದಂತೆ ಮಾಡಲು ಬಿಡಾರದಲ್ಲೇ ಉಳಿದ ಇಬ್ಬರು ಸದಸ್ಯರನ್ನು ಜನರ ಗುಂಪು ಎಳೆದು ತಂದು ಕುರ್ಚಿಯಲ್ಲಿ ಕೂರಿಸಿತಂತೆ. ಅಲ್ಲಿ ಮಾಸ್ತರರು ಆವರಣದಲ್ಲಿ 'ಹಾಜರಿ ಹೀಗೂ ಹಾಕಬಹುದು' ಎಂದು ಬರೆದಿದ್ದರು.

ನಾನು ತಲೆಬರಹವನ್ನು 'ಸಂವಿಧಾನ ವಿರೋಧಿಗಳ ಕಥೆ' ಎಂದು ಬದಲಿಸಿ ಕಳಿಸಿದೆ. ಕೂಡಲೇ ಫೋನ್ ಬಂತು.

"ವಿರೋಧಿಗಳು ಅನ್ನೋ ಹೆಸರು ಗೆದ್ದವರು ಇಟ್ಟದ್ದು ಮಾರಾಯ್ರೆ. ಅವರಿಗೆ ಅದು ಬೇಡವಾಗಿತ್ತು. ಅವರು ಒಪ್ಪಲಿಲ್ಲ, ಅಷ್ಟೆ. ಒಪ್ಪದವನೆಲ್ಲ ವಿರೋಧಿ ಆಗ್ತಾನಾ?"

ತಲೆಬರಹವನ್ನು ಹಿಂದಿನಂತೆಯೇ ಮಾಡಿದೆ. ಆದರೆ ಸಂಚಿಕೆಯಲ್ಲಿ ಜಾಗವಿರಲಿಲ್ಲ. ಜಾಹೀರಾತು, ಸಂದೇಶ, ಮಕ್ಕಳ ಚಿತ್ರ ಎಲ್ಲ ಹಾಕಿದ ಮೇಲೆ ಅವರಿಗೆ ಸಿಕ್ಕಿದ್ದು ನಾಲ್ಕು ಪುಟ. ಮೇಜಿನವರು ಯಾವಾಗಲೂ ಮಾಡುವುದನ್ನೇ ಮಾಡಿದೆ. ಕೆಳಗಿನಿಂದ ಕತ್ತರಿಸಿದೆ. ಪತ್ರಿಕೆಯ ಬರವಣಿಗೆಯಲ್ಲಿ ಮುಖ್ಯವಾದದ್ದು ಮೇಲೆ ಇರುತ್ತದೆ. ಜಾಗ ಕಡಿಮೆಯಾದರೆ ಕೊನೆಯ ಪ್ಯಾರಾದಿಂದ ಮೇಲಕ್ಕೆ ಬರುತ್ತೇವೆ. ಯೋಚಿಸುವ ಅಗತ್ಯವೂ ಬೀಳದಷ್ಟು ರೂಢಿಯಾದ ಕೆಲಸ. ಹತ್ತನೇ ಹಾಳೆಯಿಂದ ಮುಂದಿನದೆಲ್ಲ ಹೋಯಿತು. ಆ ಐದು ಹಾಳೆಗಳನ್ನು ಬೆರಳಚ್ಚು ಮಾಡುವಾಗ ಅಕ್ಷರ ನೋಡಿದ್ದೆನೇ ಹೊರತು ಓದಿರಲಿಲ್ಲ. ಕತ್ತರಿಸಿದ್ದನ್ನು ಅಳಿಸದೆ 'ಉಳಿಕೆ' ಎಂಬ ಕಡತದಲ್ಲಿ ಇಡುವ ಅಭ್ಯಾಸ ಇತ್ತು. ಇಟ್ಟೆ.

ಒಕ್ಕೂಟ ಸ್ಥಾಪನೆಯ ಸಭೆ ಗುಫೂಲ್‌ನ ಒಂದು ಹೋಟೆಲಿನ ಹಾಲಿನಲ್ಲಿ, ಶುಕ್ರವಾರ ಊಟದ ನಂತರ. ನಾನು ವೇದಿಕೆಯ ಬದಿಯ ಮೇಜಿನಲ್ಲಿ ಕೂತು ಬರೆಯುತ್ತಿದ್ದೆ. ಎಡಕ್ಕೆ ಹೆಸರು, ಬಲಕ್ಕೆ ಮಾತು. ಅಧ್ಯಕ್ಷರು ಬೈಲಾವನ್ನು ಗೊಂಚಲು ಗೊಂಚಲಾಗಿ ಓದಿದರು. "ಒಂದರಿಂದ ಒಂಬತ್ತು, ಒಪ್ಪಿಗೆಯಾ?" ಚಪ್ಪಾಳೆ. "ಹತ್ತರಿಂದ ಹದಿನೆಂಟು?" ಚಪ್ಪಾಳೆ. ಹದಿನೈದು ಜನರ ಕಾರ್ಯಕಾರಿ ಸಮಿತಿ; ಅದರಲ್ಲಿ ಮುಹರ್ರಕ್‌ಗೆ ಎರಡು ಸ್ಥಾನ. ಕಷ್ಟಸುಖ ನೋಡಿಕೊಳ್ಳಲು ಒಂದು ಕ್ಷೇಮ ಉಪಸಮಿತಿ. ಅದರ ನೆರವು ನೋಂದಾಯಿತ ಸದಸ್ಯರಿಗೆ, ಅರ್ಜಿ ಬಂದ ಮೇಲೆ.

ಕೊನೆಯ ಗೊಂಚಲಿಗೆ ಚಪ್ಪಾಳೆ ಬೀಳುವ ಮೊದಲು ಮಾಸ್ತರರು ಎದ್ದು ನಿಂತರು. ಕಾಲು ಊದಿದ್ದರಿಂದ ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದರು.

"ನನಗೆ ಒಪ್ಪಿಗೆ ಇಲ್ಲ."

ಹಾಲಿನಲ್ಲಿ ನಗು. ಹಿಂದಿನಿಂದ ಯಾರೋ "ಶುರುವಾಯ್ತು ಹಿಸ್ಟರಿ ಪೀರಿಯಡ್" ಎಂದರು.

ಮಾಸ್ತರರೂ ನಕ್ಕರು. "ಹೌದು, ಬೆಲ್ ಹೊಡೆಯುವವರೆಗೆ ಕೂತ್ಕೊಳ್ಳಿ. ಒಕ್ಕೂಟ ಬೇಡ ಅಂತ ನಾನು ಹೇಳ್ತಾ ಇಲ್ಲ. ಒಕ್ಕೂಟ ಎಂತೆಂತ ಮಾಡಬಹುದು ಅಂತ ಇಪ್ಪತ್ತಾರು ಕಲಮು ಉಂಟು. ಎಂತ ಮಾಡಬಾರದು ಅಂತ ಒಂದಾದ್ರೂ ಉಂಟಾ? ನಾಳೆ ಸದಸ್ಯನಲ್ಲದವನ ಜೊತೆ ಏರ್‌ಪೋರ್ಟಿಗೆ ಹೋಗಬೇಡಿ ಅಂತ ನಿಮ್ಮ ಉಪಸಮಿತಿ ಹೇಳಿದ್ರೆ?"

"ಯಾರು ಹೇಳ್ತಾರೆ ಮಾಸ್ತರ್ರೇ ಹಾಗೆ?" ಅಧ್ಯಕ್ಷರ ದನಿಯಲ್ಲಿ ನಿಜವಾದ ಆಶ್ಚರ್ಯವಿತ್ತು. "ನಿಮ್ಮ ಕೂಟದ ಕೆಲಸ ನೀವು ಮಾಡಿ. ಬೇಡ ಅಂದವರು ಯಾರು?"

"ಹಾಗಿದ್ರೆ ಬರೀರಿ."

"ಮೊದಲು ಪಾಸ್ ಮಾಡುವ. ಮುಂದಿನ ಸಭೆಯಲ್ಲಿ ತಿದ್ದುಪಡಿ ತರುವ. ಅಮೆರಿಕದವರು ಅಷ್ಟು ದೊಡ್ಡ ದೇಶ ಮಾಡಿ ಮುಗಿಸಿದ್ರು, ನಮಗೆ ಒಂದು ಸಂಘ ಮಾಡ್ಲಿಕ್ಕೆ ಬಿಡಿ ಮಾರಾಯ್ರೆ!"

ಇಡೀ ಹಾಲು ನಕ್ಕಿತು. ಮಾಸ್ತರರು ಜೇಬಿನಿಂದ ಒಂದು ಚೀಟಿ ತೆಗೆದು, ನಿಧಾನವಾಗಿ ನಡೆದು ಬಂದು ನನ್ನ ಮೇಜಿನ ಮೇಲಿಟ್ಟರು. "ಇದನ್ನು ನಡಾವಳಿಯಲ್ಲಿ ಸೇರಿಸಿ. ಮೂರೇ ವಾಕ್ಯ. ಬೇರೆ ಎಂತದೂ ಬೇಡ ನನಗೆ."

ಆಮೇಲೆ ಚಪ್ಪಾಳೆ ಬಿತ್ತು. ಅಂಗೀಕಾರವಾಯಿತು.

ಮರುದಿನ ಕರಡು ನಡಾವಳಿಯನ್ನು ಪುಸ್ತಕಕ್ಕೆ ನಕಲು ಮಾಡಲು ಕೂತಿದ್ದಾಗ ಅಧ್ಯಕ್ಷರು ಫೋನ್ ಮಾಡಿದರು. "ಸರ್ವಾನುಮತದಿಂದ ಅಂತ ಬರೀರಿ ಆಯ್ತಾ. ನೋಂದಣಿಗೆ ಇದರ ಪ್ರತಿ ಕೊಡ್ಲಿಕ್ಕುಂಟು. ತಕರಾರು ಅಂತ ಕಾಗದದಲ್ಲಿ ಕಂಡ್ರೆ ಸುಮ್ಮನೆ ಪ್ರಶ್ನೆ ಬರ್ತದೆ. ಮಾಸ್ತರರದ್ದು ಖಲ್ಲಿ ವಲ್ಲಿ, ತಿದ್ದುಪಡಿಯಲ್ಲಿ ನೋಡುವ."

ಖಲ್ಲಿ ವಲ್ಲಿ ಎಂದರೆ ಹೋಗಲಿ ಬಿಡು ಎಂದು. ಇಲ್ಲಿ ಎಲ್ಲ ಭಾಷೆಯವರೂ ಆಡುವ ಮಾತು.

ಹಾಗೆ ಪ್ರಶ್ನೆ ಬರುತ್ತದೆಯೇ ಎಂದು ನಾನು ಪರಿಶೀಲಿಸಲಿಲ್ಲ. ಪತ್ರಿಕೆಯಲ್ಲಿ ಯಾರಾದರೂ ವರದಿಗಾರ ಇಂಥ ಮಾತನ್ನು ಹಾಗೆಯೇ ತಂದಿದ್ದರೆ ಇನ್ನೊಂದು ಫೋನ್ ಮಾಡಿ ಬಾ ಎಂದು ವಾಪಸ್ ಕಳಿಸುತ್ತಿದ್ದೆ. ಇಲ್ಲಿ ಕಳಿಸಬೇಕಾದವನೂ ಹೋಗಬೇಕಾದವನೂ ನಾನೇ. ಅಧ್ಯಕ್ಷರು ಹೇಳದಿದ್ದರೂ ಬಹುಶಃ ಹಾಗೆಯೇ ಬರೆಯುತ್ತಿದ್ದೆ ಎಂಬುದನ್ನೂ ಹೇಳಬೇಕು. ನಮ್ಮ ಸಂಘಗಳಲ್ಲಿ ಚಪ್ಪಾಳೆ ಎಂದರೆ ಸರ್ವಾನುಮತ. ನಾನು ಓದಿದ ಯಾವ ಸಂಘದ ನಡಾವಳಿಯಲ್ಲೂ ಬೇರೆ ಪದ ಕಂಡಿಲ್ಲ. ನಲವತ್ತೊಂದನೇ ಪುಟದ ಕೆಳಗಿನಿಂದ ನಾಲ್ಕನೇ ಸಾಲಿನಲ್ಲಿ 'ಸರ್ವಾನುಮತದಿಂದ ಅಂಗೀಕರಿಸಲಾಯಿತು' ಎಂದು ಬರೆದೆ. ಚೀಟಿಯನ್ನು ಪುಸ್ತಕದ ಹಿಂಬದಿಯಲ್ಲಿ ಸಿಕ್ಕಿಸಿಟ್ಟೆ.

ಸಂಚಿಕೆ ಹೊರಬಂದ ಮೇಲೆ ಎರಡು ಪ್ರತಿ ಮತ್ತು ನಡಾವಳಿಯ ನಕಲು ತೆಗೆದುಕೊಂಡು ಮುಹರ್ರಕ್‌ಗೆ ಹೋದೆ. ಮಾಸ್ತರರ ಜೊತೆ ಕೂಟದ ಒಬ್ಬ ಬಸ್ ಚಾಲಕ ಕೂತಿದ್ದ. ನಿಲ್ದಾಣದ ಸಿಬ್ಬಂದಿಯನ್ನು ಕರೆದೊಯ್ಯುವ ಬಸ್ಸು ಅವನದು. ಅವನೇ ಕರಕ್ ಚಹಾ ಮಾಡಿ ತಂದ.

ಮಾಸ್ತರರು ಮೊದಲು ನಡಾವಳಿ ಓದಿದರು. ಆ ಪದದ ಮೇಲೆ ಬೆರಳು ನಿಲ್ಲಿಸಿ, ತೆಗೆದರು. ಆಮೇಲೆ ಸಂಚಿಕೆ. ತಮ್ಮ ಲೇಖನದ ನಾಲ್ಕನೇ ಪುಟ ತಿರುಗಿಸಿ ಮುಂದಿನ ಪುಟದಲ್ಲಿ ಒಡವೆ ಅಂಗಡಿಯ ಜಾಹೀರಾತು ಕಂಡಾಗ ಮತ್ತೆ ಹಿಂದಕ್ಕೆ ತಿರುಗಿಸಿದರು.

"ಕೆಳಗಿನಿಂದ ಕತ್ತರಿಸಿದ್ದಲ್ವಾ?"

"ಜಾಗ ಇರಲಿಲ್ಲ."

"ನಿಮ್ಮದು ಮುಖ್ಯವಾದದ್ದು ಮೇಲೆ. ಮಾಸ್ತರನದ್ದು ಕೊನೆಗೆ. ಬೆಲ್ ಹೊಡೆಯುವ ಮುಂಚೆ ಎರಡು ನಿಮಿಷ ಹೇಳಿದ್ದು ಮಾತ್ರ ಮಕ್ಕಳ ತಲೆಯಲ್ಲಿ ಉಳಿಯೋದು."

ಚಾಲಕ ನನ್ನನ್ನೇ ನೋಡುತ್ತಿದ್ದ. "ಸರ್, ನಾನು ಕೂಡ ಚಪ್ಪಾಳೆ ಹೊಡೆದಿಲ್ಲ. ಅದು ಸರ್ವಾನುಮತ ಹೇಗೆ ಆಯ್ತು?"

"ನಿನ್ನ ಕೈಯಲ್ಲಿ ಬಿರಿಯಾನಿ ಪ್ಲೇಟ್ ಇತ್ತಲ್ಲೋ" ಎಂದರು ಮಾಸ್ತರರು. ಮೂವರೂ ನಕ್ಕೆವು. ಆ ನಗುವಿನಲ್ಲಿ ಮಾತು ಮುಗಿದುಹೋಯಿತು. ಕ್ಷಮೆ ಕೇಳಲು ನನಗೆ ಒಂದು ಸಂದು ಸಿಕ್ಕಿತ್ತು; ಚಹಾ ಕುಡಿದು ಮೇಲೆದ್ದೆ.

ಎರಡು ತಿಂಗಳಲ್ಲಿ ಮಾಸ್ತರರು ಆಸ್ಪತ್ರೆ ಸೇರಿದರು. ಮೂತ್ರಪಿಂಡದ ತೊಂದರೆ. ವಾರಕ್ಕೆ ಮೂರು ದಿನ ರಕ್ತಶುದ್ಧಿ. ಆ ದಿನಗಳಲ್ಲೇ ಒಕ್ಕೂಟದ ವಾಟ್ಸ್ಯಾಪ್ ಗುಂಪಿನಲ್ಲಿ ಒಂದು ಸುದ್ದಿ ಬಂತು. ಗದಗ ಕಡೆಯ ಒಬ್ಬ ಬಣ್ಣ ಬಳಿಯುವ ಕೆಲಸಗಾರ ಕಾರ್ಮಿಕರ ಕ್ಯಾಂಪಿನಲ್ಲಿ ಮಲಗಿದಲ್ಲೇ ತೀರಿಕೊಂಡಿದ್ದಾನೆ, ಮಂಗಳವಾರ ದೇಹ ಕಳಿಸುತ್ತಾರೆ. ಗುಂಪಿನಲ್ಲಿ ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ನಾನೂ ಒಂದು ಹಾಕಿದೆ.

ಬುಧವಾರ ಆಸ್ಪತ್ರೆಗೆ ಹೋದಾಗ ಮಾಸ್ತರರು ಕೇಳಿದರು: "ನಿನ್ನೆಯ ಹುಡುಗನ ಜೊತೆ ಯಾರು ಹೋದದ್ದು?"

ಗೊತ್ತಿರಲಿಲ್ಲ. ವಿಚಾರಿಸಿ ಹೇಳುತ್ತೇನೆ ಎಂದೆ. ಮನೆಗೆ ಬಂದು ಪತ್ರಿಕೆಯ ಕೆಲಸದಂತೆಯೇ ಒಂದು ಹಾಳೆಯಲ್ಲಿ ಹೆಸರುಗಳ ಪಟ್ಟಿ ಮಾಡಿ ಫೋನ್ ಮಾಡಿದೆ. ಮುಹರ್ರಕ್‌ನ ಅಂಗಡಿಯವರು ಗುಂಪಿನಲ್ಲಿ ನೋಡಿದ್ದರು. ಕ್ಷೇಮ ಉಪಸಮಿತಿಯವರು ಹೋಗಿರುತ್ತಾರೆ ಎಂದುಕೊಂಡಿದ್ದರು. ಉಪಸಮಿತಿಯ ಸಂಚಾಲಕರು ಸದಸ್ಯರ ಪಟ್ಟಿಯಲ್ಲಿ ಹೆಸರಿಲ್ಲ, ಅರ್ಜಿಯೂ ಬಂದಿಲ್ಲ, ಮುಹರ್ರಕ್‌ನವರು ಹೋಗುತ್ತಾರಲ್ಲ ಎಂದುಕೊಂಡಿದ್ದರು. ಅಧ್ಯಕ್ಷರು ದುಬೈಯಲ್ಲಿದ್ದರು, ಸಂಚಾಲಕರು ನೋಡಿಕೊಂಡಿರುತ್ತಾರೆ ಎಂದುಕೊಂಡಿದ್ದರು. ಕೊನೆಯ ಫೋನ್ ಚಾಲಕನಿಗೆ.

"ಸರ್, ನಾನು ಆ ಹೊತ್ತಿಗೆ ಕಾರ್ಗೋ ಗೇಟಿನ ಎದುರಿಂದಲೇ ಎರಡು ಸಲ ಬಸ್ ತಗೊಂಡು ಹೋಗಿದ್ದೇನೆ" ಎಂದ. "ಮೊದಲು ಸುದ್ದಿ ಕೇಳಿದವನು ಹೋಗಬೇಕು ಅಂತ ಇತ್ತಲ್ಲ. ಈಗ ಎಲ್ಲರಿಗೂ ಒಟ್ಟಿಗೇ ಸುದ್ದಿ ಬರ್ತದೆ."

ಏಳು ಫೋನ್, ಒಂದೇ ಉತ್ತರ. ಯಾರೂ ಹೋಗಿರಲಿಲ್ಲ. ಹೋಗಬೇಡಿ ಎಂದು ಯಾವ ಉಪಸಮಿತಿಯೂ ಹೇಳಿರಲಿಲ್ಲ. ಹಾಗೆ ಹೇಳುವ ಅಗತ್ಯವೇ ಬಿದ್ದಿರಲಿಲ್ಲ.

ಮರುದಿನ ಮಾಸ್ತರರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ನಾನು ಹೇಳಿರಲಿಲ್ಲವೇ ಎಂದು ಅವರು ಅನ್ನಲಿಲ್ಲ. ಕೈಗೆ ಹಾಕಿದ ಪಟ್ಟಿಯನ್ನು ತಿರುಗಿಸುತ್ತಾ ಕೇಳಿದರು: "ಹೆಸರೆಂತ ಅವನದ್ದು?"

ಅದನ್ನು ನಾನು ವಿಚಾರಿಸಿರಲಿಲ್ಲ. ಗುಂಪಿನ ಸಂದೇಶದಲ್ಲೂ ಇರಲಿಲ್ಲ.

"ಅಷ್ಟೇ ಕಾರಣಕ್ಕೆ ಹೋಗೋದು ನಾವು" ಎಂದರು. "ಹೊರುವವರು ಅಲ್ಲಿ ಇರ್ತಾರೆ. ಕಾಗದ ಕಂಪನಿಯವರು ಮಾಡ್ತಾರೆ. ಪೆಟ್ಟಿಗೆ ಒಳಗೆ ಹೋಗುವಾಗ ಅವನ ಹೆಸರು ಸರಿಯಾಗಿ ಹೇಳ್ಲಿಕ್ಕೆ ಬರುವವನು ಒಬ್ಬ ಅಲ್ಲಿ ನಿಂತಿರಬೇಕು."

ಕ್ಯಾಂಪಿಗೆ ಹೋಗಿ ಅವನ ಜೊತೆ ಕೋಣೆಯಲ್ಲಿದ್ದವರಿಂದ ಹೆಸರು ತಿಳಿದುಕೊಂಡೆ. ಕಂಪನಿಯ ಮೂರು ಕಾಗದಗಳಲ್ಲಿ ಅದು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿತ್ತು. ಆಸ್ಪತ್ರೆಗೆ ವಾಪಸ್ ಬಂದು ಹೇಳಿದಾಗ ಮಾಸ್ತರರು ತಂದೆಯ ಹೆಸರನ್ನೂ ಸೇರಿಸಿ ಒಂದು ಸಲ ಗಟ್ಟಿಯಾಗಿ ಹೇಳಿದರು. ಹಾಜರಿ ಕರೆದ ಹಾಗಿತ್ತು. ಪಕ್ಕದ ಹಾಸಿಗೆಯವರು ತಿರುಗಿ ನೋಡಿದರು.

ಅವರನ್ನು ಮಂಗಳೂರಿಗೆ ಕರೆದೊಯ್ಯಲು ಮಗಳು ಬಂದಳು. ಕೆಲಸದ ಪರವಾನಗಿ ರದ್ದಾಯಿತು, ಮನೆ ಖಾಲಿಯಾಯಿತು. ಹೊರಡುವ ದಿನ ವಿಮಾನ ನಿಲ್ದಾಣದಲ್ಲಿ ಮುಹರ್ರಕ್‌ನ ಹನ್ನೆರಡು ಜನ ಇದ್ದರು. ಗಾಲಿಕುರ್ಚಿಯಲ್ಲಿದ್ದ ಮಾಸ್ತರರು ಎಲ್ಲರನ್ನೂ ಎಣಿಸಿ, "ಕೋರಂ ಉಂಟು" ಎಂದರು.

ನಾನು ಬಗ್ಗಿ, ನಲವತ್ತೊಂದನೇ ಪುಟವನ್ನು ಮುಂದಿನ ಸಭೆಯಲ್ಲಿ ಸರಿಪಡಿಸುತ್ತೇನೆ ಎಂದೆ.

"ನೀವು ಸುಳ್ಳು ಬರೆಯಬೇಕು ಅಂತ ಬರೆದದ್ದಲ್ಲ. ಅಭ್ಯಾಸ" ಎಂದರು. ಅದು ಸಮಾಧಾನದ ಮಾತು ಎಂದು ಆಗ ಅನಿಸಿತು. ಆಮೇಲೆ ಯೋಚಿಸಿದಾಗ ಹಾಗೆ ಅನಿಸಲಿಲ್ಲ. "ಆ ಐದು ಹಾಳೆ ಉಂಟಾ, ಬಿಸಾಡಿದ್ರಾ?"

"ಉಂಟು."

"ಓದಿ."

ಓದಲಿಲ್ಲ. ಪತ್ರಿಕೆಯಲ್ಲಿ ಇಬ್ಬರು ರಜೆಯಲ್ಲಿದ್ದರು, ಪಾಳಿ ಉದ್ದವಾಗಿತ್ತು. ಮೂರು ವಾರದ ನಂತರ ಚಾಲಕ ಫೋನ್ ಮಾಡಿದ. ಮಾಸ್ತರರು ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ಗುಂಪಿನಲ್ಲಿ ಕೈಮುಗಿದ ಚಿತ್ರಗಳು ಬರತೊಡಗಿದಾಗ ಫೋನ್ ಪಕ್ಕಕ್ಕಿಟ್ಟು 'ಉಳಿಕೆ' ಕಡತ ತೆರೆದೆ.

ಹತ್ತನೇ ಹಾಳೆಯಿಂದ ಮಾಸ್ತರರು ಬರೆದದ್ದು ಬರೆದಿಡುವವರ ಬಗ್ಗೆ. ಪೆನ್ಸಿಲ್ವೇನಿಯಾದ ಅಧಿವೇಶನದಲ್ಲಿ ಇಪ್ಪತ್ತಮೂರು ಮಂದಿ ಒಪ್ಪಲಿಲ್ಲ. ತಮ್ಮ ಕಾರಣಗಳನ್ನು ನಡಾವಳಿಯಲ್ಲಿ ಸೇರಿಸಿ ಎಂದು ಕೇಳಿಕೊಂಡರು. ಬಹುಮತದವರು ಸೇರಿಸಲು ಬಿಡಲಿಲ್ಲ. ಅಲ್ಲಿ ಕೂತು ಶೀಘ್ರಲಿಪಿಯಲ್ಲಿ ಎಲ್ಲರ ಮಾತು ಬರೆದುಕೊಂಡವನು ಪುಸ್ತಕ ಅಚ್ಚು ಹಾಕಿಸಿದಾಗ ಅದರಲ್ಲಿ ಗೆದ್ದ ಕಡೆಯವರ ಭಾಷಣಗಳು ಮಾತ್ರ ಇದ್ದವು. ಸೋತವರು ತಮ್ಮ ಕಾರಣಗಳನ್ನು ಪತ್ರಿಕೆಗೆ ಕೊಟ್ಟು ಅಚ್ಚು ಹಾಕಿಸಿದರು. ಮೊದಲು ಒಪ್ಪಿ, ತಿದ್ದುಪಡಿ ಆಮೇಲೆ ಎಂಬ ಮಾತು ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿತು. ಆ ಮಾತನ್ನು ಗೆದ್ದವರು ಉಳಿಸಿಕೊಂಡರು. ಕೆಲವೇ ವರ್ಷಗಳಲ್ಲಿ ಹತ್ತು ತಿದ್ದುಪಡಿಗಳು ಬಂದವು. ಉಳಿಸಿಕೊಂಡದ್ದು ಒಳ್ಳೆಯತನದಿಂದ ಮಾತ್ರ ಅಲ್ಲ, ಆಕ್ಷೇಪಗಳು ಬರಹದಲ್ಲಿ ಎಲ್ಲರ ಕೈಯಲ್ಲಿ ಇದ್ದುದರಿಂದ ಕೂಡ ಎಂದು ಮಾಸ್ತರರು ವಾದಿಸಿದ್ದರು. ಹದಿನಾಲ್ಕನೇ ಹಾಳೆಯ ಕೊನೆಗೆ ಹೀಗಿತ್ತು: 'ವರ್ಜೀನಿಯಾದಲ್ಲಿ, ಮೊದಲು ತಿದ್ದುಪಡಿ ಆಮೇಲೆ ಒಪ್ಪಿಗೆ ಎಂಬ ಮಂಡನೆ ಸೋತಿತು. ಆದರೆ ನಡಾವಳಿಯಲ್ಲಿ ಉಳಿಯಿತು. ಸೋಲನ್ನು ದಾಖಲಿಸಬೇಕಾದರೆ ಸೋತದ್ದು ಏನು ಎಂದು ಬರೆಯಲೇಬೇಕು. ಅಷ್ಟು ಸಾಕು.'

ಬೆಲ್ ಹೊಡೆಯುವ ಮುಂಚಿನ ಎರಡು ನಿಮಿಷ ಅದು. ಅದನ್ನೇ ಕತ್ತರಿಸಿದ್ದೆ.

ಆಗ ಬೈಲಾ ತೆಗೆದು ಮೊದಲ ಬಾರಿಗೆ ಪೂರ್ತಿ ಓದಿದೆ. ಇಪ್ಪತ್ತೆರಡನೇ ಕಲಮಿನಲ್ಲಿ ನಡಾವಳಿಯ ಕ್ರಮ ಇತ್ತು. ಹಿಂದಿನ ಸಭೆಯ ನಡಾವಳಿಯನ್ನು ಮುಂದಿನ ಸಭೆಯಲ್ಲಿ ಓದಿ ದೃಢೀಕರಿಸಬೇಕು. ತಪ್ಪಿದ್ದರೆ ಆ ಸಭೆಯಲ್ಲಿ ಹಾಜರಿದ್ದ ಸದಸ್ಯರೊಬ್ಬರು ತಿದ್ದುಪಡಿ ಮಂಡಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು, ಕೈ ಎಣಿಸಬೇಕು. ಮಂಡನೆಯೂ ಫಲಿತಾಂಶವೂ ದಾಖಲಾಗಬೇಕು. ಬರೆಯುವವನೇ ತನ್ನ ಬರಹಕ್ಕೆ ತಿದ್ದುಪಡಿ ಮಂಡಿಸಬಾರದು ಎಂದು ಎಲ್ಲೂ ಇರಲಿಲ್ಲ. ನಾನೇ ಮಂಡಿಸುವುದು ಎಂದು ನಿರ್ಧರಿಸಿದೆ. ಗೆಲ್ಲುವುದಿಲ್ಲ ಎಂಬುದು ಅಧ್ಯಕ್ಷರಿಗೆ ಮೊದಲೇ ಹೇಳಿದಾಗಲೇ ಗೊತ್ತಾಯಿತು.

"ನೀವೇ ಬರೆದು ನೀವೇ ತಪ್ಪು ಅಂದ್ರೆ ಜನ ಎಂತ ಹೇಳ್ತಾರೆ? ನಿಮ್ಮ ಮರ್ಯಾದೆ ಪ್ರಶ್ನೆ" ಎಂದರು. ಬೆದರಿಕೆ ಅಲ್ಲ, ಕಾಳಜಿ. "ಮಾಸ್ತರರ ಫೋಟೋ ಹಾಕಿ ಸಂತಾಪ ಸಭೆ ಮಾಡುವ. ಚಂದ ಮಾಡುವ."

ಸಂತಾಪ ಸಭೆಯೂ ಆಯಿತು, ಚೆನ್ನಾಗಿಯೇ ಆಯಿತು. ಮುಂದಿನ ಸಾಮಾನ್ಯ ಸಭೆ ಅದೇ ಹಾಲಿನಲ್ಲಿ. ಹಿಂದಿನ ನಡಾವಳಿ ಓದುವ ಕೆಲಸ ನನ್ನದೇ. ನಲವತ್ತೊಂದನೇ ಪುಟದ ಆ ಸಾಲಿಗೆ ಬಂದಾಗ ನಿಲ್ಲಿಸಿದೆ. ಇದು ತಪ್ಪು, ಬರೆದವನು ನಾನು, ಒಬ್ಬರು ಒಪ್ಪಿಲ್ಲ ಎಂದು ಎದ್ದು ಹೇಳಿದ್ದರು, ಬರಹದಲ್ಲೂ ಕೊಟ್ಟಿದ್ದರು ಎಂದೆ. ಚೀಟಿ ತೆಗೆದು ಓದಿದೆ.

'ಈ ನಿಯಮಾವಳಿಯಲ್ಲಿ ಒಕ್ಕೂಟ ಏನು ಮಾಡಬಹುದು ಎಂದಿದೆ, ಏನು ಮಾಡಬಾರದು ಎಂದಿಲ್ಲ. ಊರಿನವರು ಯಾರೇ ಇಲ್ಲಿಂದ ಕೊನೆಯ ಸಲ ಹೊರಟರೂ, ಸದಸ್ಯರಿರಲಿ ಇಲ್ಲದಿರಲಿ, ಜೊತೆಗೆ ಒಬ್ಬರು ಹೋಗುವ ಪದ್ಧತಿ ನಿಲ್ಲಬಾರದು ಎಂದು ಇದರಲ್ಲಿ ಬರೆಯಬೇಕು. ಬರೆಯದೆ ಅಂಗೀಕರಿಸುವುದಕ್ಕೆ ನಾನು ಒಪ್ಪಿಲ್ಲ ಎಂಬುದು ದಾಖಲೆಯಲ್ಲಿರಲಿ.'

ಈ ಬಾರಿ ಯಾರೂ ನಗಲಿಲ್ಲ. ಹಿಂದಿನ ಸಾಲಿನಿಂದ ಚಾಲಕ ಎದ್ದ. "ಅನುಮೋದನೆ ಮಾಡ್ತೇನೆ. ನನ್ನ ಕೈಯಲ್ಲಿ ಇವತ್ತು ಪ್ಲೇಟ್ ಇಲ್ಲ" ಎಂದ. ಅದರ ಅರ್ಥ ನನಗೊಬ್ಬನಿಗೇ ಆಯಿತು.

"ಅವರೇ ಇಲ್ಲದ ಮೇಲೆ ಯಾಕೆ ಸರ್ ಇದು?" ಎಂದು ಗುದೈಬಿಯಾದ ಒಬ್ಬರು ಕೇಳಿದರು. ಇನ್ನೊಬ್ಬರು ನೋಂದಣಿಗೆ ಕೊಟ್ಟ ಪ್ರತಿ ಒಂದು, ನಮ್ಮ ಪುಸ್ತಕ ಇನ್ನೊಂದು ಆಗುತ್ತದೆ ಎಂದರು. ನ್ಯಾಯವಾದ ಮಾತು. ಅಧ್ಯಕ್ಷರು ಕೈ ಎತ್ತಿಸಿದರು. ತಿದ್ದುಪಡಿಯ ಪರ ಒಂಬತ್ತು. ವಿರೋಧ ಐವತ್ತಕ್ಕಿಂತ ಹೆಚ್ಚು; ನಾನು ಎರಡು ಸಲ ಎಣಿಸಿ ಐವತ್ತನಾಲ್ಕು ಎಂದು ಬರೆದುಕೊಂಡೆ. ಪದ್ಧತಿಯನ್ನು ನಿಯಮಾವಳಿಗೆ ಸೇರಿಸುವ ವಿಚಾರವನ್ನು ತಿದ್ದುಪಡಿ ಸಮಿತಿ ಮಾಡಿ ನೋಡೋಣ ಎಂದು ಮುಂದಕ್ಕೆ ಹಾಕಲಾಯಿತು. ಇದನ್ನು ಬರೆಯುವ ಹೊತ್ತಿಗೂ ಆ ಸಮಿತಿ ಆಗಿಲ್ಲ.

ಪುಸ್ತಕಕ್ಕೆ ನಕಲು ಮಾಡಿ, ಸಹಿಗಾಗಿ ಅಧ್ಯಕ್ಷರ ಆಫೀಸಿಗೆ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. ನಲವತ್ತೆಂಟನೇ ಪುಟದಲ್ಲಿ ನಿಂತರು.

"ಇದು ಸೋತಿತಲ್ಲ?"

"ಸೋತಿತು. ಹಾಗೆಂದೇ ಬರೆದಿದ್ದೇನೆ. ಒಂಬತ್ತು, ಐವತ್ತನಾಲ್ಕು."

"ಮತ್ತೆ ಆ ಮೂರು ವಾಕ್ಯ ಪೂರ್ತಿ ಯಾಕೆ?"

"ಏನು ಸೋತಿತು ಎಂದು ಬರೆಯದೆ, ಸೋತಿತು ಎಂದು ಮಾತ್ರ ಬರೆಯಲು ಬರುವುದಿಲ್ಲ. ಇಪ್ಪತ್ತೆರಡನೇ ಕಲಮು."

ಅವರು ಬೈಲಾ ತರಿಸಿ ಕಲಮು ಓದಿದರು. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಮತ್ತೆ ತೆಗೆದರು. "ಮಾಸ್ತರರು ಇದ್ದಿದ್ರೆ ಈಗ ಎಷ್ಟು ನಗ್ತಿದ್ರು ಮಾರಾಯ್ರೆ" ಎಂದು ಹೇಳಿ ಸಹಿ ಹಾಕಿದರು. ಅವರ ಕಣ್ಣು ತೇವವಾಗಿತ್ತು. ಅದನ್ನೂ ಇಲ್ಲಿ ದಾಖಲಿಸಬೇಕು.

ಪುಸ್ತಕ ಗುಫೂಲ್‌ನ ಆಫೀಸಿನ ಕಪಾಟಿನಲ್ಲಿದೆ. ಮಾಸ್ತರರ ಮೂರು ವಾಕ್ಯ ನಲವತ್ತೆಂಟನೇ ಪುಟದಲ್ಲಿವೆ. ನಲವತ್ತೊಂದನೇ ಪುಟದ ಅಂಚಿನಲ್ಲಿ 'ಪುಟ ೪೮ ನೋಡಿ' ಎಂದು ಬರೆಯಲು ಅನುಮತಿ ಕೇಳಿದೆ. ದೃಢೀಕರಿಸಿದ ಪುಟದಲ್ಲಿ ಏನನ್ನೂ ಸೇರಿಸುವಂತಿಲ್ಲ ಎಂದರು. ನಿಯಮ ಹಾಗೆಯೇ ಇದೆ. ಅಲ್ಲಿಯವರೆಗೆ ಓದಿ ಪುಸ್ತಕ ಮುಚ್ಚುವವರಿಗೆ, ಆ ಸಭೆಯಲ್ಲಿ ಎಲ್ಲರೂ ಒಪ್ಪಿದ್ದರು, ಮಾಸ್ತರರೂ ಒಪ್ಪಿದ್ದರು. ಅಕ್ಷರ ಸ್ಪಷ್ಟವಾಗಿದೆ. ಚಿತ್ತು ಕಾಟು ಇಲ್ಲ. ಅದು ನನ್ನ ಕೈಬರಹ.